ಅಪ್ಪನ ಮಗ್ಗುಲಿನ ಜಾಗ

ನಮ್ಮವ್ವ ತನ್ನ ಸಾವಿನ ಮಾತನ್ನು ಸಂತೆಯ ಮಾತಿನಷ್ಟೇ ಸಲೀಸಾಗಿ ಆಡುತ್ತಿದ್ದಳು. ರೊಟ್ಟಿ ಬಡಿಯುವಾಗ, ನನ್ನ ತಲೆಗೆ ಎಣ್ಣೆ ತಟ್ಟುವಾಗ, ಬಸ್ಸಿಗೆ ಕಾಯುವಾಗ, ನಡುವೆ ಏನೋ ನೆನಪಾದವಳಂತೆ ಹೇಳುವಳು: "ನಾ ಸತ್ರ ನಿಮ್ಮಪ್ಪನ ಮಗ್ಗಲಾಗ ಹಾಕ್ರಿ. ಬ್ಯಾರೆ ಕಡಿ ಹಾಕಿದ್ರ ಎದ್ದು ಬರ್ತೀನಿ ನೋಡು."

"ಎದ್ದು ಬಂದ್ರ ಚೊಲೋನ ಆತು. ರೊಟ್ಟಿ ಮಾಡಾಕ ಒಬ್ಬರು ಬೇಕಲ್ಲ" ಎನ್ನುತ್ತಿದ್ದೆ ನಾನು. ಅವಳು ನಗುತ್ತಿದ್ದಳು. ಆದರೆ ಅದು ನಗೆಯ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮನೆ, ಹೊಲ, ಬಂಗಾರ ಇವುಗಳನ್ನು ಬೇಕು ಎಂದು ಬಾಯಿಬಿಟ್ಟು ಕೇಳಿದವಳೇ ಅಲ್ಲ ಅವ್ವ. ಇದೊಂದನ್ನು ಮಾತ್ರ ಕೇಳುತ್ತಿದ್ದಳು, ಅದೂ ಅಪ್ಪಣೆ ಮಾಡುವ ಹಾಗೆ.

ಹಿರೇಹಡಗಲಿಯಿಂದ ಹರಪನಹಳ್ಳಿ ಕಡೆಗೆ ಬರುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ನಮ್ಮೂರು. ಊರು ಮುಗಿದ ಮೇಲೆ ನಮ್ಮ ಕೇರಿ; ಊರಿನವರು ಅದನ್ನು ಎ.ಕೆ. ಕಾಲೊನಿ ಎನ್ನುತ್ತಾರೆ. ಕೇರಿ ಮುಗಿದ ಮೇಲೆ ಒಂದು ಹಳ್ಳ, ಹಳ್ಳದ ಆಚೆ ಗುಡ್ಡ. ನಮ್ಮವರನ್ನು ಮಣ್ಣು ಮಾಡುವ ಜಾಗ ಹಿಂದೆ ಹಳ್ಳದ ದಂಡೆಯಲ್ಲೇ ಇತ್ತಂತೆ. ಪಕ್ಕದ ಹೊಲದವರು ವರ್ಷಕ್ಕೊಂದು ಸಾಲಿನಂತೆ ಉತ್ತು ಉತ್ತು ಅದನ್ನು ತಮ್ಮ ಹೊಲದೊಳಗೆ ಸೇರಿಸಿಕೊಂಡರು. ಕೇಳುವ ದಮ್ಮು ಯಾರಿಗಿತ್ತು? ನಮ್ಮ ಗಂಡಸರು ಹೆಣ ಹೊತ್ತುಕೊಂಡು ಗುಡ್ಡ ಹತ್ತಿ, ಎರಡು ಗುಡ್ಡಗಳ ನಡುವಿನ ತಗ್ಗು ದಾಟಿ, ಆಚೆ ಮಗ್ಗುಲಿನ ಇಳಿಜಾರಿಗೆ ಹೋಗತೊಡಗಿದರು. ಅಲ್ಲಿ ಬರೀ ಕಲ್ಲು, ತಂಗಡಿ ಗಿಡ, ಗಾಳಿ. ಅದನ್ನು ಯಾರೂ ಕಸಿದುಕೊಳ್ಳುವುದಿಲ್ಲ ಎಂದುಕೊಂಡಿದ್ದರು.

ನಮ್ಮ ಕೇರಿಯಲ್ಲಿ ಹೆಂಗಸರು ಮಣ್ಣಿಗೆ ಹೋಗುವಂತಿರಲಿಲ್ಲ. ಹಳ್ಳದವರೆಗೆ ಅತ್ತುಕೊಂಡು ಹೋಗಬೇಕು, ಅಲ್ಲಿ ಹೊರಳಬೇಕು. ಸುತ್ತಲಿನ ಊರುಗಳಲ್ಲಿ ನಮ್ಮ ಜನದ ಹೆಂಗಸರೇ ಕುಣಿಯತನಕ ಹೋಗಿ ಮಣ್ಣು ಹಾಕಿ ಬರುತ್ತಾರೆ. ನಮ್ಮಲ್ಲೇಕೆ ಇಲ್ಲ ಎಂದು ದೊಡ್ಡಪ್ಪನನ್ನು ಕೇಳಿದರೆ, "ಹಿಂದಿನಿಂದ ಬಂದದ್ದು" ಎಂದು ಬೀಡಿ ಹಚ್ಚಿ ಮುಗಿಸಿಬಿಡುತ್ತಿದ್ದ. ಹಿಂದಿನಿಂದ ಬಂದದ್ದೆಲ್ಲ ಹೆಂಗಸರ ತಲೆಗೇ ಬಂದು ಕೂರುವುದು ಹೇಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಪ್ಪ ಕಾಮಾಲೆಯಾಗಿ ತೀರಿಕೊಂಡಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅವ್ವ ಹಳ್ಳದ ಹತ್ತಿರ ಬಳೆ ಒಡೆಸಿಕೊಂಡು, ಗಂಡಸರು ಆ ತಗ್ಗು ದಾಟಿ ಮರೆಯಾಗುವವರೆಗೆ ನಿಂತು ನೋಡಿದಳಂತೆ. ಅಲ್ಲಿಗೆ ಅವಳ ಮಟ್ಟಿಗೆ ಅಪ್ಪ ಮುಗಿದ. ಆಮೇಲೆ ಅಪ್ಪನ ಸುದ್ದಿ ಏನಿದ್ದರೂ ದೊಡ್ಡಪ್ಪನ ಬಾಯಿಂದಲೇ. ನಾನು ಬಹಳ ತಡವಾಗಿ ತಿಳಿದದ್ದು: ಮಣ್ಣು ಮಾಡಿದ ಮೇಲೆ ಹೋದ ಗಂಡಸರೆಲ್ಲ ಒಂದೊಂದು ಕಲ್ಲು ಇಟ್ಟು ಗುಡ್ಡೆ ಮಾಡುತ್ತಾರೆ, ತಲೆಯ ಕಡೆಗೆ ಒಂದು ಬಿಳಿ ಬೆಣಚುಕಲ್ಲು ಇಡುತ್ತಾರೆ. ಹೆಸರು ಕೆತ್ತಿಸುವ ಶಕ್ತಿ ಯಾರಿಗೂ ಇರಲಿಲ್ಲ. ದೊಡ್ಡಪ್ಪನಿಗೆ ಮಾತ್ರ ಯಾವ ಗುಡ್ಡೆ ಯಾರದು ಎಂದು ಓಣಿಯ ಮನೆಗಳಂತೆ ಗೊತ್ತಿತ್ತು. ಹಿರಿಯರ ಹಬ್ಬಕ್ಕೆ ಅವ್ವ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿ, ಮೇಲೊಂದು ಬೀಡಿ ಕಟ್ಟು ಇಟ್ಟು ಅವನ ಕೈಗೆ ಕೊಡುತ್ತಿದ್ದಳು.

"ಬಾವ, ಕಡ್ಡಿಪೆಟಗಿ ಮರೀಬ್ಯಾಡ್ರಿ. ಬೀಡಿ ಇದ್ದು ಕಡ್ಡಿ ಇಲ್ಲಂದ್ರ ಆತ ಸಿಟ್ಟಿಗೇಳ್ತಾನ."

ಸಂಜೆ ದೊಡ್ಡಪ್ಪ ಬಂದು ಬಾಗಿಲಲ್ಲೇ ನಿಂತು, "ಮುಟ್ಟಿಸಿದ್ನಿ ಯವ್ವಾ" ಎನ್ನುತ್ತಿದ್ದ. ಅವ್ವ ಆಗ ಊಟಕ್ಕೆ ಕೂರುತ್ತಿದ್ದಳು.

ಗುಡ್ಡದ ಮೇಲೆ ಗಾಳಿ ಕರೆಂಟು ಮಾಡುತ್ತಾರಂತೆ ಎಂಬ ಸುದ್ದಿ ಬಂದಾಗ ನಾನು ಹರಪನಹಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದೆ. ಎರಡು ಸಾವಿರನೇ ಇಸವಿ ದಾಟಿದ ಆಸುಪಾಸು. ಹೊಗೆ ಇಲ್ಲ, ಬೂದಿ ಇಲ್ಲ, ಮುಗಿದುಹೋಗುವ ಮಾತೇ ಇಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ, ಕಾಲೇಜಿನ ಸ್ಪರ್ಧೆಯಲ್ಲಿ ಪ್ರಬಂಧವನ್ನೂ ಬರೆದಿದ್ದೆ. ಈಗಲೂ ಗಾಳಿ ಕರೆಂಟು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನಾನು ಟೀಚರಾಗಿ ಮಕ್ಕಳಿಗೆ ಅದನ್ನೇ ಪಾಠ ಮಾಡುತ್ತೇನೆ. ಆದರೆ ಪಾಠ ಮಾಡುವಾಗ ಬೋರ್ಡಿನ ಕಡೆ ತಿರುಗಿ ನಿಲ್ಲುತ್ತೇನೆ.

ಕಂಪನಿಯವರು ಊರಿಗೆ ಬಂದು ಪಂಚಾಯ್ತಿ ಮುಂದೆ ಸಭೆ ಮಾಡಿದರು. ನಮ್ಮವರು ಎಂದಿನಂತೆ ಬೇವಿನ ಗಿಡದ ಬುಡದಲ್ಲಿ ನಿಂತಿದ್ದರು. ಶರ್ಟು ಇನ್ ಮಾಡಿದ ಒಬ್ಬ ಸಾಹೇಬ, ಗುಡ್ಡದ ಮೇಲೆ ಯಾರದ್ದೂ ಏನೂ ಇಲ್ಲವಾದ್ದರಿಂದ ಯಾರಿಗೂ ತೊಂದರೆ ಆಗುವುದಿಲ್ಲ ಎಂದ. ಊರಿನ ಹಿರಿಯರೊಬ್ಬರು ಎದ್ದು, ಗುಡ್ಡದ ದಾರಿಯಲ್ಲಿ ತಮ್ಮ ಮನೆದೇವರ ಗುಡಿ ಇದೆ ಎಂದರು. ಗುಡಿ ಎಂದರೆ ಆಳೆತ್ತರದ ನಾಲ್ಕು ಗೋಡೆ, ಒಂದು ಗಂಟೆ. ಸಾಹೇಬ ಕೂಡಲೇ ನಕ್ಷೆ ಬಿಚ್ಚಿ, ಪೆನ್ಸಿಲಿನಿಂದ ರಸ್ತೆಯನ್ನು ಗುಡಿಯ ಸುತ್ತ ಬಳಸಿದ. ದೊಡ್ಡಪ್ಪನೂ ಎರಡು ಹೆಜ್ಜೆ ಮುಂದೆ ಹೋಗಿ, "ಯಪ್ಪಾ, ಆಕಡಿ ಇಳಕಲದಾಗ ನಮ್ಮ ಹಿರ್‍ಯಾರು ಅದಾರ್ರಿ" ಎಂದನಂತೆ. ಸಾಹೇಬನಿಗೆ ಆ ಮಾತು ತಿಳಿಯಲಿಲ್ಲವೋ, ಕೇಳಿಸಲಿಲ್ಲವೋ. ಪಕ್ಕದವರು, "ನೋಡೋಣು, ನೋಡೋಣು, ನೀ ಹಿಂದ ಸರಿ" ಎಂದರು. ದೊಡ್ಡಪ್ಪ ಹಿಂದೆ ಸರಿದ. ಪೆನ್ಸಿಲು ಆಗಲೇ ಜೇಬಿಗೆ ಹೋಗಿತ್ತು.

ಬೇಸಿಗೆ ಬಂತು. ನಮ್ಮ ಕೇರಿಯ ಗಂಡಸರು ಗಂಗಾವತಿ, ಸಿರುಗುಪ್ಪದ ಕಡೆ ಭತ್ತದ ಕೊಯ್ಲಿಗೆ ಹೋದರು. ಪ್ರತಿ ವರ್ಷ ಹೋಗುವಂತೆ ದೊಡ್ಡಪ್ಪನೂ ಹೋದ. ಅದೇ ಹೊತ್ತಿಗೆ ಮೇಸ್ತ್ರಿಯೊಬ್ಬ ಕೇರಿಗೆ ಬಂದು ಹೆಂಗಸರನ್ನು ಕೆಲಸಕ್ಕೆ ಕರೆದ. ಫ್ಯಾನಿನ, ಅಂದರೆ ಗಾಳಿಯಂತ್ರದ, ರಸ್ತೆಗೆ ಕಲ್ಲು ಆರಿಸಿ ಹಾಕುವ ಕೆಲಸ. ದಿನಾ ಬೆಳಿಗ್ಗೆ ಟ್ರ್ಯಾಕ್ಟರು ಬಂದು ಅವರನ್ನು ಹತ್ತಿಸಿಕೊಂಡು, ಡಾಂಬರು ರಸ್ತೆ ಹಿಡಿದು ಪಕ್ಕದ ಊರನ್ನೆಲ್ಲ ಸುತ್ತಿ, ಎಲ್ಲಿಂದಲೋ ಗುಡ್ಡ ಏರಿಸಿ ಇಳಿಸುತ್ತಿತ್ತು. ನಮ್ಮ ಹೆಂಗಸರಿಗೆ ಗುಡ್ಡ ಗೊತ್ತಿದ್ದದ್ದು ಕೇರಿಯ ಕಡೆಯಿಂದ ಮಾತ್ರ. ಸೌದೆಗೆ, ಸೀತಾಫಲಕ್ಕೆ ಹತ್ತುತ್ತಿದ್ದದ್ದು ಈ ಮಗ್ಗುಲು. ತಗ್ಗಿನ ಆಚೆ ಅವರು ಕಾಲಿಟ್ಟವರೇ ಅಲ್ಲ. ಸುತ್ತಿ ಬಂದು ಇಳಿದ ಜಾಗ ಯಾವುದೋ ಬೇರೆ ಗುಡ್ಡ ಎಂದುಕೊಂಡರು. ಕೇಳೋಣವೆಂದರೆ ಕೇರಿಯಲ್ಲಿ ಗಂಡಸರಿರಲಿಲ್ಲ.

ಒಂದು ಭಾನುವಾರ ನಾನು ಮನೆಗೆ ಬಂದಾಗ ಅವ್ವ ಬಲು ಖುಷಿಯಲ್ಲಿದ್ದಳು. ಊರ ಬಳಿಯೇ ಕೂಲಿ, ಮಧ್ಯಾಹ್ನ ಚಹಾ, ಮೇಲೆ ತಂಪು ಗಾಳಿ.

"ಭಾಳ ಸುಲಭದ ಕೆಲಸ ಬೇ. ಕಲ್ಲು ಹುಡಕೂದ ಬ್ಯಾಡ. ಯಾರೋ ಪುಣ್ಯಾತ್ಮರು ಮದ್ಲ ಆರಿಸಿ ಗುಡ್ಡಿ ಹಾಕಿಟ್ಟಾರ. ಕುರುಬರ ಹುಡುಗ್ರು ಆಡಿರಬೇಕು, ಗುಡ್ಡಿಗೊಂದು ಬಿಳೀ ಕಲ್ಲು ಬ್ಯಾರೆ! ಕೋಳಿ ಮೊಟ್ಟಿ ಇಟ್ಟಂಗ. ನಾವು ಬುಟ್ಟಿ ತುಂಬಿ ತುಂಬಿ ಹಾಕೂದ."

ಅವಳು ಕೋಳಿ ಮೊಟ್ಟೆ ಎಂದದ್ದಕ್ಕೆ ನಾನೂ ನಕ್ಕೆ. ಕಲ್ಲುಗುಡ್ಡೆ, ಬೆಣಚುಕಲ್ಲಿನ ಪದ್ಧತಿ ಗಂಡಸರ ಪದ್ಧತಿ; ಆಗ ಅದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಬಿಸಿ ರೊಟ್ಟಿ ತಿಂದು, ಅವಳ ಅಂಗೈಯ ಗುಳ್ಳೆಗಳಿಗೆ ಎಣ್ಣೆ ಹಚ್ಚಿ, ಸಂಜೆ ಬಸ್ಸಿಗೆ ಹರಪನಹಳ್ಳಿಗೆ ಹೋದೆ. ಅಷ್ಟು ನೆಮ್ಮದಿಯ ಭಾನುವಾರ ಆಮೇಲೆ ನಮಗೆ ಸಿಗಲಿಲ್ಲ.

ಮುಂಗಾರಿಗೆ ಮುಂಚೆ ಗಂಡಸರು ವಾಪಸು ಬಂದರು. ಬಂದ ಕೆಲವೇ ದಿನಗಳಲ್ಲಿ ಕೇರಿಯ ಒಬ್ಬ ಮುದುಕ ತೀರಿಕೊಂಡ. ರಜೆ ಇದ್ದದ್ದರಿಂದ ನಾನು ಊರಲ್ಲೇ ಇದ್ದೆ. ಗಂಡಸರು ಹೆಣ ಹೊತ್ತು ಗುಡ್ಡ ಹತ್ತಿದರು, ನಾವು ಹಳ್ಳದಲ್ಲಿ ಹೊರಳಿ ಬಂದು, ಸ್ನಾನ ಮಾಡಿ, ಕಟ್ಟೆಯ ಮೇಲೆ ಕೂತಿದ್ದೆವು. ಅಷ್ಟರಲ್ಲಿ ಯಾರೋ ಕೂಗಿದರು. ತಗ್ಗಿನಿಂದ ಈಚೆಗೆ ಚಟ್ಟ ಇಳಿದು ಬರುತ್ತಿತ್ತು. ಹೋದ ಹೆಣ ಹಿಂದಕ್ಕೆ ಬಂದದ್ದನ್ನು ನಮ್ಮ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. "ಮುದುಕ ಎದ್ದು ಕುಂತನೇನ ಬೇ!" ಎಂದು ಒಬ್ಬಳು ಅಂದಳು, ಎರಡು ಮೂರು ಜನ ಬಾಯಿಗೆ ಸೆರಗು ಹಿಡಿದು ನಕ್ಕರು. ದೊಡ್ಡಪ್ಪನ ಮುಖ ಕಾಣುವಷ್ಟು ಹತ್ತಿರ ಬಂದ ಮೇಲೆ ಯಾರೂ ನಗಲಿಲ್ಲ.

ಮೇಲೆ ಜಾಗವೇ ಇರಲಿಲ್ಲ. ಇಳಿಜಾರನ್ನು ಜೆಸಿಬಿಯಿಂದ ಕೊರೆದು ಸಪಾಟು ಮಾಡಿ, ನಡುವೆ ಬಾವಿಯಷ್ಟು ದೊಡ್ಡ ಗುಂಡಿ ತೋಡಿ ಸಿಮೆಂಟು ಸುರಿದಿದ್ದರು. ತಂತಿ ಹಾಕಿ ಕಾವಲಿಗೆ ಜನ ಇಟ್ಟಿದ್ದರು. ದೊಡ್ಡಪ್ಪ, "ಇಲ್ಲಿದ್ದ ಕಲ್ಲು ಯಾರು ತಗದ್ರು?" ಎಂದು ಕೇಳಿದ್ದಕ್ಕೆ ಮೇಸ್ತ್ರಿ ಹೇಳಿದ ಮಾತನ್ನು ಅವನು ಕಟ್ಟೆಯ ಮುಂದೆ ನಿಂತು ನಮಗೂ ಹೇಳಿದ.

"ನಿಮ್ಮ ಹೆಣ್ಮಕ್ಕಳ ತಗದಾರ ಅಂತಾನ."

ಅವನು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನು ಎದುರು ಬೈಯಬಹುದಿತ್ತು, ಯಾವತ್ತಾದರೂ ಒಂದು ದಿನ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರೆ ಹೀಗಾಗುತ್ತಿತ್ತೇ ಎಂದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕೈ ನೋಡಿಕೊಂಡರು. ಅವ್ವ ಮಾತ್ರ ಒಂದೇ ಪ್ರಶ್ನೆ ಕೇಳಿದಳು.

"ಬಾವ, ಆತನ ತಲಿ ಕಡಿನೂ ಬಿಳೀ ಕಲ್ಲ ಇತ್ತೇನ್ರಿ?"

"ಎಲ್ಲಾರಿಗೂ ಅದ ಇರತೈತಿ ಯವ್ವಾ."

ಅವ್ವ ಎದ್ದು ಮನೆಯೊಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಮುದುಕನನ್ನು ಅವತ್ತು ಹಳ್ಳದ ಉಸುಕಿನ ಪಕ್ಕ ಹೇಗೋ ಹುಗಿದರು. ಹಳ್ಳ ಬಂದರೆ ಏನು ಗತಿ ಎಂದು ಎಲ್ಲರಿಗೂ ಹೆದರಿಕೆಯಿತ್ತು. ಆ ವರ್ಷ ಹಳ್ಳ ಬರಲಿಲ್ಲ, ಅದನ್ನೇ ದೊಡ್ಡ ಉಪಕಾರ ಎಂದುಕೊಂಡೆವು.

ಕೇರಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆದ್ದರಿಂದ ಕಚೇರಿ ಸುತ್ತುವ ಕೆಲಸ ನನ್ನ ಪಾಲಿಗೆ ಬಂತು. ಓದಿದ್ದರ ಪ್ರಯೋಜನ ಈಗ ಗೊತ್ತಾಗುತ್ತದೆ ಎಂಬ ಧಿಮಾಕಿನಲ್ಲೇ ಹೋದೆ. ಕಚೇರಿಯ ಅಧಿಕಾರಿ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು, ತಾಳ್ಮೆಯಿಂದ ಕೇಳಿದರು. ಕೊನೆಗೆ, "ದಾಖಲೆಯಲ್ಲಿ ಅದು ಬರೀ ಖರಾಬು ಜಮೀನು ಇದೆಯಲ್ಲಮ್ಮ, ಸ್ಮಶಾನ ಅಂತ ಎಲ್ಲೂ ಇಲ್ಲ" ಎಂದರು. ನಾನು, ಅಲ್ಲಿ ನಮ್ಮಪ್ಪ ಇದ್ದಾನೆ ಸರ್ ಎಂದೆ. ಅವರು ನೆಲ ನೋಡಿದರು. ಬೇರೆ ಜಾಗ ಕೊಡಿಸುವುದಾಗಿ ಹೇಳಿದರು, ಕೊಡಿಸಿದರು ಕೂಡ. ಜಗಳಾಡಲು ಒಬ್ಬ ದುಷ್ಟನಾದರೂ ಸಿಗುತ್ತಾನೆಂದು ಹೋದವಳು, ಒಳ್ಳೆಯವರಿಗೆ ನಮಸ್ಕಾರ ಹೇಳಿ ಹೊರಗೆ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಸಿಟ್ಟಿಗೆ ಅತ್ತೆ.

ಫ್ಯಾನಿನ ರೆಕ್ಕೆಗಳು ಬಂದ ದಿನ ಇಡೀ ಊರು ರಸ್ತೆಯಲ್ಲಿತ್ತು. ಒಂದೊಂದು ಲಾರಿಗೆ ಒಂದೊಂದೇ ರೆಕ್ಕೆ. ತಿರುವಿನಲ್ಲಿ ಹೊರಳಲಾಗದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಣಗಾಡಿ, ಕೊನೆಗೆ ನಮ್ಮ ಕೇರಿಯ ಮೂಲೆಯ ಕರೆಂಟು ಕಂಬ ಕಿತ್ತು ದಾರಿ ಮಾಡಿಕೊಂಡು ಹೋದವು. ಕಂಬ ಮತ್ತೆ ನಿಲ್ಲಿಸುವವರೆಗೆ ಕೇರಿಗೆ ಕತ್ತಲೆ. ಕಂಬ ಬಂದ ಮೇಲೂ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ಸರಕಾರ ಕೊಟ್ಟ ಒಂದೇ ಬಲ್ಬು, ಅದು ಉರಿಯುತ್ತಿದೆಯೋ ಇಲ್ಲವೋ ನೋಡಲು ಕಡ್ಡಿ ಗೀರಬೇಕಿತ್ತು. ಗುಡ್ಡದ ಕರೆಂಟು ನಮ್ಮ ತಲೆಯ ಮೇಲಿನ ದಪ್ಪ ತಂತಿಗಳಲ್ಲಿ ಎಲ್ಲಿಗೋ ಹೋಗುತ್ತಿತ್ತು. "ಫ್ಯಾನು ನಮ್ಮ ಗುಡ್ಡದ್ದು, ಸೆಕಿ ನಮ್ಮ ಮನೀದು" ಎಂದು ದೊಡ್ಡಪ್ಪ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಅವನ ಮಗನಿಗೆ, ನನ್ನ ಅಣ್ಣನಾಗಬೇಕಾದವನಿಗೆ, ಅಲ್ಲೇ ವಾಚ್‌ಮನ್ ಕೆಲಸ ಸಿಕ್ಕಿತು. ಇಡೀ ಕೇರಿಗೆ ಸಿಕ್ಕ ಲಾಭ ಅದೊಂದೇ.

ಅವ್ವ ಆಮೇಲೆ ಸಾವಿನ ಮಾತು ಆಡುವುದನ್ನೇ ಬಿಟ್ಟಳು. ಹಿರಿಯರ ಹಬ್ಬಕ್ಕೆ ರೊಟ್ಟಿ ಕಟ್ಟುವುದನ್ನೂ ಬಿಟ್ಟಳು. ನನಗೆ ಕೆಲಸ ಸಿಕ್ಕಿ, ನನ್ನ ಜೊತೆ ಹರಪನಹಳ್ಳಿಯಲ್ಲಿ ಇರು ಎಂದರೆ ಇಲ್ಲವೆಂದಳು. ಕೆಲವು ವರ್ಷ ಹೀಗೇ ಹೋದವು. ಅವಳ ಕಾಲು ಬಾತುಕೊಳ್ಳತೊಡಗಿದ ವರ್ಷ ಒಂದು ಬೆಳಿಗ್ಗೆ, ರಜೆಗೆ ಬಂದಿದ್ದ ನನ್ನನ್ನೂ ಕರೆದುಕೊಂಡು ದೊಡ್ಡಪ್ಪನ ಮನೆಗೆ ಹೋಗಿ ತಾನೇ ಕೇಳಿದಳು.

"ಬಾವ, ನಡೀರಿ. ಆತ ಇದ್ದ ಜಾಗ ತೋರಸ್ರಿ. ಒಮ್ಮಿ ನೋಡಿ ಬರ್ತೀನಿ. ನಾಳಿ ಇವಳಿಗೆ ಹೇಳಾಕ ಬೇಕಲ್ಲ, ನನ್ನ ಎಲ್ಲಿ ಹಾಕಬೇಕು ಅಂತ."

ದೊಡ್ಡಪ್ಪ ಪದ್ಧತಿಯ ಮಾತು ಎತ್ತಲಿಲ್ಲ. ಮೂವರೂ ಹೊರಟೆವು. ಹತ್ತುವಾಗ ಹಳೆಯ ಕಾಲುದಾರಿ, ಹಳ್ಳ ದಾಟಿ ತಗ್ಗು ಹಾಯ್ದು. ಅವ್ವ ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದಳು. ತಂತಿಯ ಗೇಟಿನಲ್ಲಿ ಅಣ್ಣ ನೀಲಿ ಅಂಗಿ ತೊಟ್ಟು ನಿಂತಿದ್ದ. ನಮ್ಮನ್ನು ಕಂಡು ಅವನ ಮುಖ ಸಣ್ಣದಾಯಿತು. "ಸಾಹೇಬ್ರು ಬರೂದ್ರಾಗ ಮುಗಸ್ರಿ ಚಿಗವ್ವ" ಎಂದು ಬೀಗ ತೆಗೆದ.

ಹತ್ತಿರದಿಂದ ನಾನು ಫ್ಯಾನು ನೋಡಿದ್ದು ಆವತ್ತೇ. ರೆಕ್ಕೆ ಒಂದೊಂದು ಸಲ ಕೆಳಗೆ ಇಳಿದಾಗಲೂ ದೊಡ್ಡ ಜಮಖಾನೆ ಕೊಡವಿದಂತೆ ಸದ್ದು. ಅದರ ನೆರಳು ನಮ್ಮ ಮೈಮೇಲೆ ಹಾದು ಹಾದು ಹೋಗುತ್ತಿತ್ತು. ದೊಡ್ಡಪ್ಪ ಮೊದಲು ಧೈರ್ಯದಿಂದಲೇ ಶುರು ಮಾಡಿದ. ಇಲ್ಲೊಂದು ಆನೆಯಂಥ ಬಂಡೆ ಇತ್ತು ಎಂದ. ಬಂಡೆಯನ್ನು ಒಡೆದು ಹಾಕಿದ್ದರು. ಬಂಡೆಯಿಂದ ಕೆಳಗೆ ಜೋಡಿ ತಂಗಡಿ ಗಿಡ ಇದ್ದವು ಎಂದ. ಅಲ್ಲಿ ಜಲ್ಲಿ ಹಾಸಿದ್ದರು. ತಗ್ಗಿನ ಕಡೆ ಬೆನ್ನು ಮಾಡಿ ನಿಂತ, ಮುಖ ಮಾಡಿ ನಿಂತ, ಕಣ್ಣು ಮುಚ್ಚಿ ನಿಂತ. ಗುಡ್ಡದ ಓರೆಯನ್ನೇ ಕೊರೆದು ಮಟ್ಟ ಮಾಡಿದ ಮೇಲೆ ಎಲ್ಲಿಂದ ಲೆಕ್ಕ ಹಿಡಿಯುವುದು? ಅವ್ವ ಅವನ ಹಿಂದೆ ಹಿಂದೆಯೇ ಓಡಾಡುತ್ತಿದ್ದಳು.

"ಇಲ್ಲೇನ್ರಿ ಬಾವ? ಇಲ್ಲೆ?"

ಅವನು ಎಲ್ಲೋ ಒಂದು ಕಡೆ ಬೆರಳು ತೋರಿಸಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸುಳ್ಳಾದರೂ ಸರಿ. ಆದರೆ ಅವನು ಜಲ್ಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ತಲೆಯ ಮೇಲಿನ ಟವೆಲ್ ತೆಗೆದು ಮುಖಕ್ಕೆ ಹಿಡಿದುಕೊಂಡ. "ನನಗ ತಿಳೀವಲ್ದು ಯವ್ವಾ. ನನ್ನ ತಮ್ಮ ಎಲ್ಲಿ ಅದಾನ ಅಂತ ನನಗ ತಿಳೀವಲ್ದು" ಎಂದ. ಅಷ್ಟು ವಯಸ್ಸಾದವನು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗೇಟಿನ ಹತ್ತಿರ ಅಣ್ಣ ಬೆನ್ನು ತಿರುಗಿಸಿ ನಿಂತ.

ಅವ್ವನ ಕಾಲು ನೋಡಿ ಅಣ್ಣ, ಇಳಿಯುವಾಗ ಕಂಪನಿ ರಸ್ತೆಯಲ್ಲೇ ಹೋಗಿ, ಅಲ್ಲಿ ಇಳಿಜಾರು ಕಡಿಮೆ ಎಂದ. ಸ್ವಲ್ಪ ದೂರ ನಡೆದು ತಿರುಗಿ ನೋಡುತ್ತೇನೆ, ಅವ್ವ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ನನಗೆ ಪಿತ್ತ ನೆತ್ತಿಗೇರಿತು. ನಾನು ಸಣ್ಣವಳಿದ್ದಾಗ ಊರಿನ ಓಣಿಗಳನ್ನು ದಾಟುವಾಗ ಅವಳು ಹೀಗೆಯೇ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದಳು. ಹಟ ಮಾಡಿ, ಊಟ ಬಿಟ್ಟು, ಆ ಚಾಳಿಯನ್ನು ನಾನೇ ಬಿಡಿಸಿದ್ದೆ.

"ಕಂಪನ್ಯಾರಿಗೂ ಕಾಲ್ಮರಿ ಬಿಡಬೇಕೇನ ಬೇ? ಹಾಕ್ಕೊ ಮದ್ಲ!"

ಬಿಸಿಲಿಗೆ ಮೊರಂ ಕಾದಿತ್ತು. ಬಾತ ಕಾಲನ್ನು ಅವಳು ಮೆಲ್ಲಗೆ, ಒತ್ತದ ಹಾಗೆ ಇಡುತ್ತಿದ್ದಳು.

"ಕಂಪನ್ಯಾರಿಗಲ್ಲ. ನಾ ಹೊತ್ತು ಹಾಕಿದ ಕಲ್ಲು ಇದರ ಕೆಳಗ ಅದಾವು. ಕಾಲ್ಮರಿ ಹಾಕ್ಕೊಂಡು ಹೆಂಗ ತುಳೀಲಿ?"

ಹಿಂದಿನಿಂದ ಕಂಪನಿಯ ಜೀಪು ಹಾರನ್ ಹೊಡೆಯುತ್ತಾ ಬಂತು, ಪಕ್ಕಕ್ಕೆ ಸರಿದೆವು. ಅದು ಹೋದ ಮೇಲೆ ಎದ್ದ ಧೂಳು ಕೂರುವವರೆಗೆ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು. ಊರು ಮುಟ್ಟುವವರೆಗೂ ಚಪ್ಪಲಿ ಹಾಕಿಕೊಳ್ಳಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು. ಸರಕಾರ ಕೊಟ್ಟ ಹೊಸ ಜಾಗ ಕೆರೆಯ ಹಿಂದೆ, ಆ ದಪ್ಪ ತಂತಿಗಳ ಕೆಳಗೆ ಇತ್ತು. ಅಂಗೈಯಗಲ ಜಾಗ, ಇಡೀ ಕೇರಿಗೆ. ನಾನೂ ಹೆಣದ ಹಿಂದೆ ಹೋದೆ, ಯಾರೂ ತಡೆಯಲಿಲ್ಲ. ಕುಣಿ ತೋಡಿದವರು ಇಕ್ಕಟ್ಟು ಮಾಡಿ, ಹೋದ ತಿಂಗಳು ಸತ್ತವರಿಗೆ ತಾಗಿಸಿಯೇ ತೋಡಿದ್ದರು. ಆಚೆ ಕಡೆಗೂ ಮುಂದಿನವರಿಗೆಂದು ಗೂಟ ಹೊಡೆದಿದ್ದರು. ನಾನು ಆ ಗೂಟ ಕಿತ್ತು ಒಗೆದೆ.

"ಮಗ್ಗಲಾಗ ಜಾಗ ಬಿಡ್ರಿ" ಎಂದೆ.

ಸನಿಕೆ ಹಿಡಿದವರು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ನನ್ನ ತೋಳು ಹಿಡಿದುಕೊಂಡು, ಸಣ್ಣ ದನಿಯಲ್ಲಿ ಕೇಳಿದ:

"ಯಾರಿಗೆ ಬಿಡಾಣ ಯವ್ವಾ?"

ನಾನು ಬಗ್ಗಿ ಒಂದು ಹಿಡಿ ಮಣ್ಣು ಹಾಕಿದೆ. ಅವರು ಮಣ್ಣು ಎಳೆದರು.